ಲಿನ್ ಝೆಶು ನಮ್ಮ ಮಕ್ಕಳಿಗೂ ಗೊತ್ತಾಗಲಿ

ಮಾನ್ಯರೇ,

ಅಫೀಮು ಯುದ್ಧವನ್ನು ಬ್ರಿಟನ್–ಚೀನಾ ಜಗಳ ಅಂತ ಸುಮ್ನೆ ಓದಿ ಮುಂದೆ ಹೋಗುತ್ತೇವೆ. ಆದರೆ ಆ ಅಫೀಮು ಬೆಳೆದದ್ದು ನಮ್ಮ ನೆಲದಲ್ಲೇ ಅಲ್ವಾ? ಈಸ್ಟ್ ಇಂಡಿಯಾ ಕಂಪನಿ ಬಿಹಾರ, ಬನಾರಸ್ ಕಡೆಯ ರೈತರಿಗೆ ಮುಂಗಡ ಕೊಟ್ಟು ಬೆಳೆಸುತ್ತಿತ್ತು. ಬೆಲೆ ಕಂಪನಿ ಹೇಳಿದ್ದೇ. ಕಲ್ಕತ್ತಾದಲ್ಲಿ ಹರಾಜಾದ ಮಾಲು ಕಳ್ಳದಾರಿಯಲ್ಲಿ ಚೀನಾ ಸೇರುತ್ತಿತ್ತು.

ಇದನ್ನು ತಡೆಯಲು ಚೀನಾದ ಚಕ್ರವರ್ತಿ ಕಳಿಸಿದ ಅಧಿಕಾರಿಯೇ ಲಿನ್ ಝೆಶು. 1839ರಲ್ಲಿ ಅವರು ಚೀನಾದ ಬಂದರು ನಗರ ಕ್ಯಾಂಟನ್‌ನ ವಿದೇಶಿ ವ್ಯಾಪಾರಿಗಳಿಂದ 20,000ಕ್ಕೂ ಜಾಸ್ತಿ ಪೆಟ್ಟಿಗೆ ಅಫೀಮು ವಶಪಡಿಸಿಕೊಂಡರು. ಹುಮೆನ್‌ನಲ್ಲಿ ಹೊಂಡ ತೋಡಿಸಿ, ಉಪ್ಪು, ಸುಣ್ಣ ಬೆರೆಸಿ ಕರಗಿಸಿ ಸಮುದ್ರಕ್ಕೆ ಬಿಡಿಸಿದರು. ಈ ವ್ಯಾಪಾರ ನಿಲ್ಲಿಸಿ ಎಂದು ವಿಕ್ಟೋರಿಯಾ ರಾಣಿಗೇ ಪತ್ರ ಬರೆದರು. ಎಂಥ ಧೈರ್ಯ!

ಇದೇ ಕಾರಣಕ್ಕೆ ಬ್ರಿಟಿಷ್ ಯುದ್ಧನೌಕೆಗಳು ಬಂದಾಗ ಚಕ್ರವರ್ತಿ ತಪ್ಪನ್ನೆಲ್ಲ ಅವರ ತಲೆಗೇ ಕಟ್ಟಿದರು. ದೂರದ ಶಿನ್‌ಜಿಯಾಂಗ್‌ಗೆ ಗಡೀಪಾರಾಯಿತು. ಅಲ್ಲೂ ಅವರು ಸುಮ್ಮನೆ ಕೂರದೆ ನೀರಾವರಿ ಕೆಲಸ ಮಾಡಿಸಿದರು. ಯುದ್ಧದಲ್ಲಿ ಚೀನಾ ಸೋತು, 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು. ನಾಶವಾದ ಅಫೀಮಿಗೂ ಚೀನಾವೇ ದುಡ್ಡು ತೆರಬೇಕಾಯಿತು. ಇದು ಶುದ್ಧ ಅನ್ಯಾಯ.

ಇತಿಹಾಸದ ಮೇಷ್ಟ್ರುಗಳು ಲಿನ್ ಅವರ ಕಥೆಯನ್ನೂ ಬಿಹಾರದ ರೈತರ ಕಷ್ಟವನ್ನೂ ಒಟ್ಟಿಗೆ ಪಾಠ ಮಾಡಲಿ.

– ಒಬ್ಬ ಓದುಗ, ಮೈಸೂರು