ಮಳೆಗಾಲದ ಮಂಗಳವಾರ, ಗುರುವಾರದ ತರಗತಿಗಳ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರ.

ಈ ಮಳೆಗಾಲದಿಂದ ನಮ್ಮ ಕ್ರಿಕೆಟ್ ಮತ್ತು ಕಬಡ್ಡಿ ಬ್ಯಾಚುಗಳ ವೇಳಾಪಟ್ಟಿ ಬದಲಾಗುತ್ತಿದೆ. ಜೂನ್ ಮೂರನೇ ವಾರ ಆರಿದ್ರಾ ಮಳೆ ಹಿಡಿದಾಗಿನಿಂದ ಆಗಸ್ಟ್ ಕೊನೆಗೆ ಮಘಾ ಮಳೆ ಮುಗಿಯುವವರೆಗೆ ಮಂಗಳವಾರ ಮತ್ತು ಗುರುವಾರದ ತರಗತಿಗಳು ಮೈದಾನದ ಬದಲು ಶೆಡ್ಡಿನೊಳಗೆ, ಪರದೆಯ ಮುಂದೆ ನಡೆಯುತ್ತವೆ. ಮಕ್ಕಳಿಗೆ ಅಲ್ಲಿ ವಿಡಿಯೋ ಇಟ್ಟುಕೊಂಡು ಕಟ್ಟಿದ ಕೆಲವು ಗೇಮ್‌ಗಳನ್ನು ಆಡಿಸುತ್ತೇವೆ. ಉಳಿದ ದಿನ ಮೊದಲಿನ ಹಾಗೆಯೇ: ಹೊಳವಾದರೆ ಮೈದಾನ, ಇಲ್ಲದಿದ್ದರೆ ಶೆಡ್ಡಿನಲ್ಲಿ ವ್ಯಾಯಾಮ. ಶುಲ್ಕ ಹೆಚ್ಚಿಸಿಲ್ಲ. ದೊಡ್ಡವರ ಭಾನುವಾರದ ಬ್ಯಾಚಿಗೆ ಈ ಪತ್ರ ಅನ್ವಯಿಸುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದ ದಿನವೇ ಫೋನುಗಳು ಶುರುವಾದವು. "ಮನೇಲಿ ಮೊಬೈಲ್ ಬಿಡಿಸೋದೇ ದೊಡ್ಡ ಕದನ ಮಾರಾಯ್ರೆ, ಈಗ ನೀವೇ ಗೇಮ್ ಹಾಕಿಕೊಟ್ಟು ಕೂರಿಸ್ತೀರಾ?" ಎಂದರು ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ. ಭದ್ರಾವತಿಯ ತಂದೆಯೊಬ್ಬರದು ಇನ್ನೂ ಖಾರ: "ನಮ್ಮೂರ ವಿಶ್ವನಾಥ್ ಯಾವ ಗೇಮ್ ಆಡಿ ಸ್ಕ್ವೇರ್ ಕಟ್ ಕಲಿತರು?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಗುಂಪಿನಲ್ಲಿ ಎರಡು ಸಾಲು ಬರೆದು ಕೈತೊಳೆದುಕೊಳ್ಳುವಂಥವಲ್ಲ ಅಂತ ಈ ಪತ್ರ.

ಮೊದಲು ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ವಿಷಯ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137 ಹೊಡೆದವರು ಅವರು. ಖಂಡಿತ ಯಾವ ಗೇಮನ್ನೂ ಆಡಿ ಕಲಿಯಲಿಲ್ಲ. ಆದರೆ ಆ ಸ್ಕ್ವೇರ್ ಕಟ್ಟನ್ನು, ಅಂದರೆ ಬ್ಯಾಟನ್ನು ಅಡ್ಡ ಬೀಸಿ ಆಫ್ ಬದಿಗೆ ಹೊಡೆಯುವ ಹೊಡೆತವನ್ನು, ಗಮನಿಸಿ. ಚೆಂಡು ಗಿಡ್ಡಕ್ಕೆ ಬೀಳುತ್ತದೆ, ಆಫ್ ಸ್ಟಂಪಿನಾಚೆ ಬರುತ್ತದೆ ಅಂತ ಬೇರೆಯವರಿಗಿಂತ ಮೊದಲು ತಿಳಿದು, ಹಿಂದಿನ ಕಾಲಿಗೆ ಸರಿದು ನಿಂತವನಿಗೆ ಮಾತ್ರ ಅದು ದಕ್ಕುತ್ತದೆ. ಆ ತಿಳಿವು ಬರುವುದು ಸಾವಿರಾರು ಚೆಂಡು ನೋಡಿದ ಮೇಲೆ. ನಮ್ಮ ಮಕ್ಕಳಿಗೆ ಪುನರ್ವಸು, ಪುಷ್ಯ ಮಳೆಯಲ್ಲಿ ನೋಡಲು ಸಿಗುವ ಚೆಂಡು ಎಷ್ಟು? ಮ್ಯಾಟ್ ಸುತ್ತಿಟ್ಟಿರುತ್ತೇವೆ, ರನ್‌ಅಪ್ಪಿನ ಜಾಗದಲ್ಲಿ ಪಾಚಿ ಕಟ್ಟಿರುತ್ತದೆ. ಎರಡು ತಿಂಗಳು ದಂಡ, ಬಸ್ಕಿ, ಹಗ್ಗದಾಟ. ಸೆಪ್ಟೆಂಬರಿನಲ್ಲಿ ನೆಟ್ಸಿಗೆ ಬಂದಾಗ ಮೈ ಗಟ್ಟಿಯಾಗಿರುತ್ತದೆ, ಕಣ್ಣು ಮಾತ್ರ ಜೂನ್‌ನಲ್ಲಿದ್ದಷ್ಟೂ ಇರುವುದಿಲ್ಲ.

ಗಂಟೆಗೆ 130 ಕಿ.ಮೀ. ವೇಗದ ಚೆಂಡು ಬೌಲರನ ಕೈಬಿಟ್ಟು ಬ್ಯಾಟಿನ ಹತ್ತಿರ ಬರಲು ಸುಮಾರು ಅರ್ಧ ಸೆಕೆಂಡು. ಕಂಡದ್ದಕ್ಕೆ ಮೈ ಮಿಡಿಯಲು ಅದರಲ್ಲಿ ಸುಮಾರು 0.2 ಸೆಕೆಂಡು ಹೋಗುತ್ತದೆ. ಹಾಗಾಗಿ ಒಳ್ಳೆಯ ಬ್ಯಾಟರ್ ಚೆಂಡಿಗಾಗಿ ಕಾಯುತ್ತ ಕೂರುವುದಿಲ್ಲ. ಬೌಲರನ ಓಟ, ಭುಜ, ಮಣಿಕಟ್ಟು ನೋಡಿಯೇ ಅರ್ಧ ಲೆಕ್ಕ ಮುಗಿಸಿರುತ್ತಾನೆ. ಇದನ್ನು ಪರೀಕ್ಷಿಸುವ ದಾರಿ ಹಳೆಯದು. 1978ರಲ್ಲೇ ಟೆನಿಸ್ ಸರ್ವ್‌ನ ಫಿಲ್ಮನ್ನು, ರ‍್ಯಾಕೆಟ್ಟಿಗೆ ಚೆಂಡು ತಾಗುವ ಮೊದಲೇ ನಿಲ್ಲಿಸಿ, "ಎಲ್ಲಿ ಬೀಳುತ್ತದೆ ಹೇಳಿ" ಎಂದು ಕೇಳಿ ನೋಡಿದ್ದರು. ಪಳಗಿದವರು ಹೊಸಬರಿಗಿಂತ ಚೆನ್ನಾಗಿ ಹೇಳಿದರು. 1987ರಲ್ಲಿ ಕ್ರೀಡಾ ವಿಜ್ಞಾನಿ ಬ್ರೂಸ್ ಆಬರ್ನೆತಿ ಮತ್ತು ಅವರ ಜೊತೆಗಾರರು ಬ್ಯಾಡ್ಮಿಂಟನ್ನಿನಲ್ಲಿ ಇದನ್ನೇ ಮಾಡಿದಾಗ, ಹೊಸಬರು ರ‍್ಯಾಕೆಟ್ಟಿನಿಂದ ಮಾತ್ರ ಸುಳಿವು ಹಿಡಿಯುತ್ತಾರೆ, ನುರಿತವರು ಅದಕ್ಕೂ ಮೊದಲು ಎದುರಾಳಿಯ ತೋಳಿನಿಂದಲೇ ಹಿಡಿಯುತ್ತಾರೆ ಎಂದು ಕಂಡಿತು. ಕ್ರಿಕೆಟ್ ಬ್ಯಾಟರ್‌ಗಳ ಮೇಲೂ ಮುಂದೆ ಇಂಥ ಕೆಲಸ ನಡೆದಿದೆ.

ನಮ್ಮ ಮುಖ್ಯ ಗೇಮ್ ಇದರ ಮೇಲೆಯೇ ನಿಂತಿದೆ. ಬೇಸಿಗೆಯಲ್ಲಿ ನಮ್ಮದೇ ಸೀನಿಯರ್ ಹುಡುಗರ ಬೌಲಿಂಗನ್ನು ಚಿತ್ರೀಕರಿಸಿದ್ದೇವೆ. ಬ್ಯಾಟರ್ ನಿಲ್ಲುವ ಜಾಗದಲ್ಲಿ, ಹನ್ನೆರಡರ ಹುಡುಗನ ಕಣ್ಣಿನ ಎತ್ತರಕ್ಕೆ ಫೋನ್ ಕಟ್ಟಿ, ಮುಂದೆ ಬಲೆ ಇಳಿಬಿಟ್ಟು ತೆಗೆದದ್ದು. ಶೆಡ್ಡಿನ ಗೋಡೆಯ ಮೇಲೆ ಬೌಲರ್ ಹೆಚ್ಚುಕಡಿಮೆ ಆಳೆತ್ತರಕ್ಕೆ ಓಡಿಬರುತ್ತಾನೆ. ಚೆಂಡು ಕೈಬಿಡುವ ಕ್ಷಣಕ್ಕೆ ಪರದೆ ಕಪ್ಪಾಗುತ್ತದೆ. ಮಗು ಪ್ಯಾಡು ಕಟ್ಟಿಕೊಂಡು, ಬ್ಯಾಟು ಹಿಡಿದು ನಿಂತಿರುತ್ತದೆ. ಬಾಯಲ್ಲಿ ಹೇಳುವಂತಿಲ್ಲ, ಗುಂಡಿ ಒತ್ತುವಂತಿಲ್ಲ, ಕಾಲು ಮುಂದೆ ಇಡಬೇಕು ಇಲ್ಲವೇ ಹಿಂದೆ ಸರಿಯಬೇಕು. ಆಮೇಲೆ ಪೂರ್ತಿ ಚೆಂಡನ್ನು ತೋರಿಸುತ್ತೇವೆ. ಸರಿಯಾದರೆ ಅಂಕ, ಮತ್ತು ಮುಂದಿನ ಹಂತದಲ್ಲಿ ಪರದೆ ಇನ್ನೂ ಸ್ವಲ್ಪ ಬೇಗ ಕಪ್ಪಾಗುತ್ತದೆ. ಲೆಗ್ ಸ್ಪಿನ್ ಹಂತಕ್ಕೆ ಬಂದಾಗ ಮಜಾ. ಗೂಗ್ಲಿ, ಅಂದರೆ ಲೆಗ್ ಸ್ಪಿನ್ನಿನಂತೆ ಕಂಡು ಎದುರು ದಿಕ್ಕಿಗೆ ತಿರುಗುವ ಚೆಂಡು ಹಾಕುವಾಗ ಅಂಗೈ ತಿರುಗಿ ಕೈಯ ಹಿಂಬದಿ ಬ್ಯಾಟರ್ ಕಡೆಗೆ ಕಾಣುತ್ತದೆ. ನೆಟ್ಸಿನಲ್ಲಿ ಇದನ್ನು ಎಷ್ಟು ಸಲ ಕೂಗಿ ಹೇಳಿದರೂ ತಲೆಗೆ ಹೋಗುವುದಿಲ್ಲ, ಚೆಂಡಿನ ಭಯ ಇರುತ್ತದೆ. ಪರದೆಯ ಮುಂದೆ ಭಯವಿಲ್ಲ. ಪ್ರಾಯೋಗಿಕವಾಗಿ ಆಡಿಸಿದ ದಿನ, ನೆಟ್ಸಿನಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಎದ್ದು ಗೋಡೆಯ ಹತ್ತಿರ ಹೋಗಿ ಬೌಲರನ ಕಿರುಬೆರಳಿನ ಮೇಲೆ ಬೆರಳಿಟ್ಟು, "ಇದು ಮೇಲೆ ಬಂದ್ರೆ ಗೂಗ್ಲಿ ಅಲ್ವಾ ಸರ್?" ಎಂದಳು. ಅವತ್ತು ಆ ಬ್ಯಾಚಿಗೆ ಅದಕ್ಕಿಂತ ಹೆಚ್ಚು ಪಾಠ ಬೇಕಾಗಲಿಲ್ಲ.

ಕಬಡ್ಡಿಯವರ ಗೇಮ್ ಬೇರೆ. ಅಲ್ಲಿ ಕಣ್ಣಿಗಿಂತ ಲೆಕ್ಕ ಮುಖ್ಯ. ಒಂದು ರೈಡಿಗೆ, ಅಂದರೆ ಒಬ್ಬ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಬರುವುದಕ್ಕೆ, 30 ಸೆಕೆಂಡು. ಎದುರು ಆರು ಅಥವಾ ಹೆಚ್ಚು ಜನ ಇದ್ದರೆ ಮಾತ್ರ ಬೋನಸ್, ಅಂದರೆ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಅಂಕ. ಎರಡು ರೈಡು ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ: ಅಂಕ ತರದಿದ್ದರೆ ರೈಡರ್ ಔಟ್. ಹಿಡಿಯುವವರು ಮೂವರು ಅಥವಾ ಕಡಿಮೆ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಸಾಗರ, ಹೊಸನಗರ ಕಡೆಯಿಂದ ಬರುವ ಹುಡುಗರು ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಪಳಗಿದವರು, ಹಿಡಿತ ಗಟ್ಟಿ. ಸೋಲುವುದು ಈ ಲೆಕ್ಕದಲ್ಲಿ. ಹಾಗಾಗಿ ಪಂದ್ಯದ ವಿಡಿಯೋವನ್ನು ರೈಡಿನ ನಡುವೆ ನಿಲ್ಲಿಸಿ, ಸ್ಕೋರು ಮತ್ತು ಉಳಿದ ಸಮಯ ತೋರಿಸಿ, "ಈಗ ಬೋನಸ್ಸಾ, ಮುಟ್ಟಬೇಕಾ, ವಾಪಸ್ ಬರಬೇಕಾ?" ಎಂದು ಕೇಳುತ್ತೇವೆ. ಎರಡು ತಂಡ ಮಾಡಿ ಆಡಿಸಿದರೆ ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಮೀರಿಸಿ ಕಿರುಚುತ್ತಾರೆ. ಕ್ರಿಕೆಟ್‌ನವರಿಗೂ ಇಂಥದೇ ಒಂದು ಸಣ್ಣದಿದೆ, ಫೀಲ್ಡರ್‌ಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂಬ ಆಟ: ಟಿ20ಯ ಮೊದಲ 6 ಓವರ್ ವೃತ್ತದ ಹೊರಗೆ ಇಬ್ಬರೇ, ಆ ಇಬ್ಬರನ್ನು ಎಲ್ಲಿ ನಿಲ್ಲಿಸುತ್ತೀರಿ?

ಇನ್ನು ಇದರಿಂದ ಏನು ಆಗುವುದಿಲ್ಲ ಎಂಬುದನ್ನೂ ಬರೆಯಬೇಕು. ಪರದೆ ಬ್ಯಾಟ್ ಬೀಸುವುದನ್ನು ಕಲಿಸುವುದಿಲ್ಲ, ಕ್ಯಾಚ್ ಕಲಿಸುವುದಿಲ್ಲ, ಕಬಡ್ಡಿಗೆ ಉಸಿರು ಬಿಗಿಹಿಡಿಯುವುದನ್ನೂ ಕಲಿಸುವುದಿಲ್ಲ. ಮೊಬೈಲಿನ ಕ್ರಿಕೆಟ್ ಗೇಮ್ ಆಡುತ್ತ ಕೂತರೆ ಬ್ಯಾಟಿಂಗ್ ಸುಧಾರಿಸುತ್ತದೆ ಎಂದು ಮಕ್ಕಳು ಮನೆಯಲ್ಲಿ ನಮ್ಮ ಹೆಸರು ಹೇಳಿದರೆ ದಯವಿಟ್ಟು ನಂಬಬೇಡಿ. ಅಲ್ಲಿ ಬೆರಳು ಉಜ್ಜುವುದಷ್ಟೇ, ಕಾಲಿಗೆ ಕೆಲಸವಿಲ್ಲ. ರೇಸಿಂಗ್ ಗೇಮ್ ಆಡಿ ನಿಜವಾದ ಕಾರ್ ಓಡಿಸಿದವರ ಕಥೆಯನ್ನು ಕೆಲವರು ನಮಗೆ ಕಳಿಸಿದ್ದಾರೆ. ಅದು ನಿಜ. ನಿಸಾನ್ ಮತ್ತು ಸೋನಿ ಕಂಪನಿಗಳು 2008ರಲ್ಲಿ ಗೇಮ್ ಆಟಗಾರರಿಗಾಗಿ ಶುರುಮಾಡಿದ ಸ್ಪರ್ಧೆ ಗೆದ್ದ ಸ್ಪೇನಿನ ಲೂಕಾಸ್ ಒರ್ಡೋನೆಜ್ 2011ರಲ್ಲಿ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ತಮ್ಮ ವರ್ಗದಲ್ಲಿ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದರು. ಆದರೆ ರೇಸಿಂಗ್ ಗೇಮಿಗೆ ಸ್ಟೀರಿಂಗ್, ಪೆಡಲ್ ಜೋಡಿಸಿಕೊಂಡರೆ ಕೈಕಾಲಿನ ಕೆಲಸ ಹೆಚ್ಚುಕಡಿಮೆ ಕಾರಿನದೇ ಆಗುತ್ತದೆ. ಸೋಫಾದ ಮೇಲೆ ಕೂತು ಆಡುವ ಕ್ರಿಕೆಟ್ಟಿಗೆ ಆ ಮಾತು ಹೊಂದುವುದಿಲ್ಲ. ಯಾವ ಗೇಮಿನ ಕೆಲಸ ಮೈದಾನದ ಕೆಲಸಕ್ಕೆ ಎಷ್ಟು ಹತ್ತಿರವೋ ಅಷ್ಟು ಉಪಯೋಗ, ಇದು ನಮ್ಮ ಅಳತೆಗೋಲು. ಬ್ಯಾಟು ಹಿಡಿಸಿ ನಿಲ್ಲಿಸುವುದೂ ಅದಕ್ಕೇ.

ಇದೇ ಕಾರಣಕ್ಕೆ 'ಮೆದುಳು ಚುರುಕು ಮಾಡುವ' ಆ್ಯಪ್‌ಗಳನ್ನು ಮಾರಲು ಬಂದವರನ್ನು ಚಹಾ ಕೊಟ್ಟು ವಾಪಸ್ ಕಳಿಸಿದೆವು. 2016ರಲ್ಲಿ ಮನೋವಿಜ್ಞಾನಿ ಡೇನಿಯಲ್ ಸೈಮನ್ಸ್ ಮತ್ತು ಜೊತೆಗಾರರು ಇಂಥವುಗಳ ಮೇಲಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿ ಹೇಳಿದ್ದು ಇಷ್ಟೇ: ಆಡಿದ ಗೇಮಿನಲ್ಲಿ ಜನ ಚುರುಕಾಗುತ್ತಾರೆ, ಅದು ಬೇರೆ ಕೆಲಸಕ್ಕೆ ಹರಿಯುತ್ತದೆ ಎನ್ನಲು ಪುರಾವೆ ತೀರಾ ಕಡಿಮೆ. ತಲೆಗೆ ಕಟ್ಟುವ ವಿ.ಆರ್. ಕನ್ನಡಕವನ್ನೂ ತರುತ್ತಿಲ್ಲ. ದುಬಾರಿ, ಕೆಲವರಿಗೆ ತಲೆ ಸುತ್ತುತ್ತದೆ, ಒಬ್ಬರು ಹಾಕಿಕೊಂಡರೆ ಉಳಿದವರು ಬಾಯಿ ನೋಡುತ್ತ ಕೂರಬೇಕು.

ದುಡ್ಡಿನ ಗೇಮ್‌ಗಳ ಭಯ ಕೆಲವರಿಗಿದೆ, ಇರಬೇಕಾದದ್ದೇ. ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿತು. ನಮ್ಮಲ್ಲಿ ಹಣವಂತೂ ದೂರದ ಮಾತು. ಲಾಗಿನ್ ಇಲ್ಲ, ಜಾಹೀರಾತು ಇಲ್ಲ, ಇಂಟರ್ನೆಟ್ಟೇ ಬೇಕಿಲ್ಲ. ಎಲ್ಲವೂ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬರೆದುಕೊಟ್ಟ ಪ್ರೋಗ್ರಾಮ್, ಕೇಂದ್ರದ ಒಂದೇ ಲ್ಯಾಪ್‌ಟಾಪಿನಲ್ಲಿರುತ್ತದೆ. ಮಕ್ಕಳ ಫೋನಿಗೆ ಏನನ್ನೂ ಹಾಕುವುದಿಲ್ಲ, ಮನೆಗೆಲಸ ಅಂತ ಗೇಮ್ ಕೊಡುವುದೂ ಇಲ್ಲ. ತರಗತಿಗೆ ಫೋನ್ ತಂದವರು ಬಾಗಿಲ ಹತ್ತಿರದ ಡಬ್ಬಿಯಲ್ಲಿ ಇಟ್ಟು ಒಳಗೆ ಬರಬೇಕು.

ಒಂದು ತರಗತಿಯಲ್ಲಿ ಪರದೆಯ ಸಮಯ 25 ನಿಮಿಷ, ಅದೂ ಸರದಿಯ ಮೇಲೆ. ಉಳಿದದ್ದು ಅದಕ್ಕೇ ಹೊಂದುವ ಮೈಯ ಕೆಲಸ: ಶಾಡೋ ಬ್ಯಾಟಿಂಗ್ (ಚೆಂಡಿಲ್ಲದೆ ಬ್ಯಾಟು ಬೀಸುವ ಅಭ್ಯಾಸ), ಟೆನಿಸ್ ಚೆಂಡಿನಲ್ಲಿ ಹತ್ತಿರದ ಎಸೆತ, ಕಬಡ್ಡಿಯವರಿಗೆ ಹಳೇ ಮ್ಯಾಟಿನ ಮೇಲೆ ಕಾಲ್ಚಳಕ. ಎಂಟು ವರ್ಷದೊಳಗಿನವರಿಗೆ ಪರದೆಯೇ ಇಲ್ಲ. ಅವರು ಶೆಡ್ಡಿನ ಇನ್ನೊಂದು ಬದಿಯಲ್ಲಿ ಓಡಾಡಿಕೊಂಡಿರಲಿ. ಕರೆಂಟ್ ಹೋಗುತ್ತದೆ, ಅದು ನಿಮಗೂ ಗೊತ್ತು ನಮಗೂ ಗೊತ್ತು. ಹೋದ ದಿನ ಗೇಮ್ ಇಲ್ಲ, ಪೂರ್ತಿ ವ್ಯಾಯಾಮ.

ಈಗ ನಿಮಗೆ ಅಷ್ಟು ಇಷ್ಟವಾಗದ ಸಂಗತಿ. ಇಲ್ಲಿಯವರೆಗೆ ಮಳೆಗೆ ತಪ್ಪಿದ ಎಲ್ಲ ತರಗತಿಗಳನ್ನೂ ದಸರಾ ಕಳೆದ ಮೇಲೆ ಭಾನುವಾರಗಳಲ್ಲಿ ತುಂಬಿಕೊಡುತ್ತಿದ್ದೆವು. ಇನ್ನು ಮುಂದೆ ಮಂಗಳವಾರ, ಗುರುವಾರದ ಶೆಡ್ ತರಗತಿಗಳು ಲೆಕ್ಕಕ್ಕೆ ಸೇರುತ್ತವೆ, ಅವುಗಳ ಬದಲಿಗೆ ಭಾನುವಾರ ಸಿಗುವುದಿಲ್ಲ. ಉಳಿದ ದಿನಗಳದ್ದು ತುಂಬಿಕೊಡುತ್ತೇವೆ. ಕಾರಣ ಹೇಳಿಬಿಡುತ್ತೇವೆ: ಆ ಭಾನುವಾರಗಳಿಗೆ ಅರ್ಧ ಮಕ್ಕಳೂ ಬರುವುದಿಲ್ಲ. ಅಡಿಕೆ ಕೊಯ್ಲು ಶುರುವಾಗಿರುತ್ತದೆ, ಮನೆಯಲ್ಲಿ ಸುಲಿಯಲು ಕೈ ಬೇಕು, ಅತ್ತ ಟೂರ್ನಮೆಂಟುಗಳೂ ಆಗಲೇ. ಬಾರದ ಮಕ್ಕಳಿಗೆ ತರಗತಿ ತುಂಬಿಕೊಟ್ಟೆವು ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮಳೆಯಿಂದ ಜಿಲ್ಲಾಧಿಕಾರಿಗಳು ನಿಮ್ಮ ತಾಲ್ಲೂಕಿನ ಶಾಲೆಗಳಿಗೆ ರಜೆ ಕೊಟ್ಟ ದಿನ ನಿಮ್ಮ ಮಗುವನ್ನು ಇಲ್ಲಿಗೂ ಕಳಿಸಬೇಡಿ. ಆ ದಿನದ ತರಗತಿ ಮಂಗಳವಾರ, ಗುರುವಾರದ್ದಾದರೂ ತುಂಬಿಕೊಡುತ್ತೇವೆ.

ಪರದೆ ತರಗತಿ ಬೇಡವೇ ಬೇಡ ಎನ್ನುವವರು ಬರೆದುಕೊಟ್ಟರೆ ಸಾಕು, ಮಗು ಅದೇ ಹೊತ್ತಿಗೆ ವ್ಯಾಯಾಮದ ಗುಂಪಿನಲ್ಲಿರುತ್ತದೆ.

ಉಪಯೋಗವಾಯಿತೋ ಇಲ್ಲವೋ ನೋಡುವ ಬಗೆ ಇದು: ಮಳೆ ಹಿಡಿಯುವ ಮುಂಚೆ ನೆಟ್ಸಿನಲ್ಲಿ ಪ್ರತಿ ಮಗುವಿಗೆ 30 ಚೆಂಡು ಹಾಕಿಸಿ, ಎಷ್ಟಕ್ಕೆ ಕಾಲು ಸರಿಯಾದ ಕಡೆ ಹೋಯಿತು ಎಂದು ಬರೆದಿಡುತ್ತೇವೆ. ಸೆಪ್ಟೆಂಬರಿನಲ್ಲಿ ಮೈದಾನ ಒಣಗಿದ ಮೇಲೆ ಅದೇ ಬೌಲರುಗಳಿಂದ ಮತ್ತೆ 30. ವ್ಯಾಯಾಮದ ಗುಂಪಿನಲ್ಲಿದ್ದವರದ್ದನ್ನೂ ಪಕ್ಕದಲ್ಲಿಟ್ಟು ನೋಡುತ್ತೇವೆ. ಗೋಡೆಯ ಮೇಲಿನ ಅಂಕ ಏರಿ ನೆಟ್ಸಿನ ಅಂಕ ಏರದಿದ್ದರೆ ಮುಂದಿನ ವರ್ಷ ಪ್ರೊಜೆಕ್ಟರ್ ಮಾರುತ್ತೇವೆ, ಭಾನುವಾರಗಳು ಹಳೆಯ ಹಾಗೆ ನಡೆಯುತ್ತವೆ. ನಿಮ್ಮ ಮಗುವಿನ ಎರಡೂ ಲೆಕ್ಕ ನಿಮಗೆ ಸಿಗುತ್ತದೆ. ಬೇರೆ ಮಕ್ಕಳದ್ದನ್ನು ಹೆಸರು ಹೇಳಿ ಕೊಡುವುದಿಲ್ಲ.

ಪರೀಕ್ಷೆಯ ದಿನ ಮಕ್ಕಳ ಕಾಲಿನ ಚಲನೆಯ ವಿಡಿಯೋ ತೆಗೆಯಬೇಕಾಗುತ್ತದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರೊಳಗಿನವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಬೇಕು. ಕಾಯ್ದೆ ಇಲ್ಲದಿದ್ದರೂ ಕೇಳುತ್ತಿದ್ದೆವು ಅನ್ನಿ. ವಿಡಿಯೋ ಕೇಂದ್ರದ ಲ್ಯಾಪ್‌ಟಾಪಿನಲ್ಲಿದ್ದು, ಲೆಕ್ಕ ಮುಗಿದ ಮೇಲೆ ಅಳಿಸಲಾಗುತ್ತದೆ. ವಾಟ್ಸಾಪಿಗೆ, ಇನ್‌ಸ್ಟಾಗ್ರಾಮಿಗೆ ಹೋಗುವುದಿಲ್ಲ.

ಒಪ್ಪಿಗೆ ಪತ್ರಗಳು ಆಫೀಸಿನಲ್ಲಿವೆ, ಜೂನ್ ಎರಡನೇ ಶನಿವಾರದೊಳಗೆ ಸಹಿ ಮಾಡಿ ಕೊಡಿ. ಮೊದಲ ಮಂಗಳವಾರದ ತರಗತಿಗೆ ಪೋಷಕರೂ ಬರಬಹುದು. ಬಂದವರಿಗೂ ಬ್ಯಾಟು ಕೊಟ್ಟು ಗೋಡೆಯ ಮುಂದೆ ನಿಲ್ಲಿಸುತ್ತೇವೆ, ಭದ್ರಾವತಿಯವರು ಮುಖ್ಯವಾಗಿ ಬರಬೇಕು. ಮಕ್ಕಳ ಚೀಲದಲ್ಲಿ ಒಂದು ಜೊತೆ ಒಣ ಸಾಕ್ಸ್ ಮತ್ತು ಟವೆಲ್ ಇರಲಿ. ಶೆಡ್ಡಿನ ನೆಲ ಸಿಮೆಂಟಿನದು, ಒದ್ದೆ ಕಾಲಿಗೆ ಜಾರುತ್ತದೆ.

ಇಂತಿ,
ಕೇಂದ್ರದ ತರಬೇತುದಾರರು
ಶಿವಮೊಗ್ಗ