ಮೂಲಿಮನಿ ಅಜ್ಜಿಗೆ ಶರಣು

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ನಮ್ಮ ಓಣಿಯಿಂದ ಹೋದ ಕಟಕ ರೊಟ್ಟಿಗಳಲ್ಲಿ, ಅಂದರೆ ಒಣಗಿಸಿ ಗರಿಗರಿ ಮಾಡಿದ ಜೋಳದ ರೊಟ್ಟಿಗಳಲ್ಲಿ, ಒಂದಕ್ಕೂ ಬೂಸ್ಟು ಹತ್ತಲಿಲ್ಲ. ಮೂಲಿಮನಿ ಅಜ್ಜಿ ಇಲ್ಲದ ಮೊದಲ ಜಾತ್ರೆ ಇದು. ನಾದಿದವರು, ಬಡಿದವರು, ಸುಟ್ಟವರು ಹಲವರು. ಎಲ್ಲರಿಗೂ ಕಲಿಸಿದವರು ಅವರೊಬ್ಬರೇ. ಮೊದಲ ಶರಣು ಅವರಿಗೆ.

ಅಜ್ಜಿಯ ಹಟ ಜೋಳದಿಂದಲೇ ಶುರುವಾಗುತ್ತಿತ್ತು. ಯಲಬುರ್ಗಾ ಕಡೆಯ ಎರಿ (ಕರಿಮಣ್ಣಿನ) ಹೊಲದ ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ತಳಿಯೇ ಆಗಬೇಕು. ಮುಂಗಾರಿ ಜೋಳ ತೆನೆಯಲ್ಲೇ ಮಳೆಗೆ ಸಿಕ್ಕರೆ ಕಪ್ಪಾಗುತ್ತದೆ, ರೊಟ್ಟಿಯೂ ಮಬ್ಬಾಗುತ್ತದೆ. ಪುಷ್ಯದ ಜಾತ್ರೆಯ ಹೊತ್ತಿಗೆ ಹೊಸ ಹಿಂಗಾರಿ ಇನ್ನೂ ಹೊಲದಲ್ಲಿರುವುದರಿಂದ ಬಳಸುವುದು ಹಿಂದಿನ ಸುಗ್ಗಿಯ ಕಾಳು. ಕಾಳು ಹಳೆಯದಾದರೆ ಅಡ್ಡಿಯಿಲ್ಲ, ಹಿಟ್ಟು ಹಳೆಯದಾಗಬಾರದು. ಬೀಸಿ 15 ದಿನ ದಾಟಿದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಬಟ್ಟೆಯ ಮೇಲೆ ಹರವಿ ಆರಿಸಿಯೇ ಡಬ್ಬಿಗೆ ತುಂಬಬೇಕು, ಇಲ್ಲವಾದರೆ ಒಳಗೇ ಬೆವತು ಗಂಟಾಗುತ್ತದೆ. ಸಜ್ಜೆ ಹಿಟ್ಟಂತೂ ಬೇಗ ಕಹಿಯಾಗುತ್ತದೆ. ಅದನ್ನು ಬೇಕಾದಾಗ ಬೇಕಾದಷ್ಟೇ ಬೀಸಿಸುತ್ತಿದ್ದರು.

ಎರಡು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲು ಎಸರು, ಅದೂ ತಳಮಳ ಕುದಿಯುತ್ತಿರಬೇಕು. ಜೋಳಕ್ಕೆ ಗೋಧಿಯ ಹಾಗೆ ಎಳೆಯುವ ಅಂಟಿಲ್ಲ. ಕುದಿನೀರಿಗೆ ಒಂದಿಷ್ಟು ಹಿಟ್ಟು ಬೆಂದು, ಅದೇ ಉಳಿದದ್ದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ನಾದುವಾಗ ಚಿಮುಕಿಸುವ ನೀರು ಹೆಚ್ಚೆಂದರೆ ಅರ್ಧ ಬಟ್ಟಲು. ಒಮ್ಮೆಗೇ ಪರಾತದ ತುಂಬ ನಾದಿಡುವುದು ಅಜ್ಜಿಗೆ ಆಗುತ್ತಲೇ ಇರಲಿಲ್ಲ. ನಾಲ್ಕೈದು ರೊಟ್ಟಿಗಾಗುವಷ್ಟು ನಾದು, ಬಡಿ, ಮತ್ತೆ ನಾದು.

ಹಂಚಿಗೆ ಹಾಕಿದ ಕೂಡಲೇ ಮೇಲಿನ ಒಣಹಿಟ್ಟನ್ನು ಒದ್ದೆ ಅರಿವೆಯಿಂದ ಪೂರ್ತಿ ಒರೆಸಬೇಕು. ಅಂಚಿನಲ್ಲಿ ಬಿಟ್ಟ ಹಿಟ್ಟೇ ಸೀದು ಕರಿ ಚುಕ್ಕಿಯಾಗಿ ಕಹಿ ಕೊಡುವುದು. ಆ ನೀರು ಆರುತ್ತಿದ್ದಂತೆ ಮಗುಚಬೇಕು. ತಡವಾದರೆ ಮೇಲ್ಮೈ ಬಿರಿದು ಉಬ್ಬುವುದಿಲ್ಲ.

ಮೆತ್ತನೆ ರೊಟ್ಟಿಗೆ ಇಷ್ಟು ಸಾಕು. ಕಟಕ ರೊಟ್ಟಿಯ ನಿಜವಾದ ಕೆಲಸ ಇಲ್ಲಿಂದ ಮುಂದೆ. ಉಬ್ಬಿದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತಿ ಒತ್ತಿ ನೀರಿನಂಶ ತೆಗೆದು, ಒಲೆಯ ಪಕ್ಕ ಒರಗಿಸಿಡಬೇಕು. ಆಮೇಲೆ ಒಂದೊಂದನ್ನೇ ಬಿಡಿಬಿಡಿಯಾಗಿ ಬಟ್ಟೆಯ ಮೇಲೆ ಇಡೀ ದಿನ ಹರವಬೇಕು. ಯಾರಾದರೂ ಆತುರಪಟ್ಟರೆ ಪಡಸಾಲೆಯಿಂದ ದನಿ ಬರುತ್ತಿತ್ತು: "ಬಿಸಿ ಇದ್ದಾಗ ಪೇರಿಸಬ್ಯಾಡ್ರವ್ವಾ, ಬೆವರ್ತಾವ!" ಬೂಸ್ಟಿಗೆ ಕಾರಣ ಆ ಬೆವರೇ. ನಡುವಿನ ರೊಟ್ಟಿಗೆ ಹತ್ತಿದರೆ ಇಡೀ ಥಪ್ಪಿ ಕೆಡುತ್ತದೆ. ಮುರಿದರೆ ಹಪ್ಪಳದಂತೆ ಟಕ್ಕನೆ ಸದ್ದು ಬರಬೇಕು; ಬಾಗಿ ಮುರಿದರೆ ಅದು ವಾಪಸ್ ಹಂಚಿಗೆ. ತುಂಬುವುದು ಬಿದಿರು ಬುಟ್ಟಿಗೆ, ಒಳಗೆ ಒಗೆದು ಒಣಗಿಸಿದ ಹತ್ತಿ ಬಟ್ಟೆ. ಪ್ಲಾಸ್ಟಿಕ್ ಚೀಲ ಕಂಡರೆ ಅಜ್ಜಿ ಬೈಯುತ್ತಿದ್ದರು, ಬೈದದ್ದು ಸರಿಯೇ ಇತ್ತು.

ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯೂ (ಚಟ್ನಿಪುಡಿ) ಅವರ ಅಳತೆಯದೇ. ಒಂದು ಕಿಲೋ ಶೇಂಗಾಕ್ಕೆ ಎರಡು ಗಡ್ಡೆ ಬೆಳ್ಳುಳ್ಳಿ, 80 ಗ್ರಾಂ ಖಾರದ ಪುಡಿ, 40 ಗ್ರಾಂ ಉಪ್ಪು, ಎರಡು ಚಮಚ ಜೀರಿಗೆ. ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿದ ಮೇಲೆಯೇ ಕುಟ್ಟಬೇಕು. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಈ ಸಲ ಮಿಕ್ಸಿಯನ್ನೇ ಬಳಸಿದ್ದೇವೆ, ಬಿಟ್ಟು ಬಿಟ್ಟು ತಿರುಗಿಸಿ. ಒರಳಲ್ಲಿ ಕುಟ್ಟಿದ್ದರ ರುಚಿ ಅದಕ್ಕಿಲ್ಲ ಎಂಬುದು ನಿಜ.

ರಾತ್ರಿ ಕರೆಂಟು ಬರುವವರೆಗೂ ಕಾದು ಜೋಳ ಬೀಸಿಕೊಟ್ಟ ಗಿರಣಿ ಅಣ್ಣನಿಗೆ, ಕಟ್ಟಿಗೆ ಕೊಟ್ಟ ಮನೆಗಳಿಗೆ, ಬುಟ್ಟಿಗಳನ್ನು ಜೋಪಾನವಾಗಿ ಮಠಕ್ಕೆ ಮುಟ್ಟಿಸಿದ ಟ್ರ್ಯಾಕ್ಟರಿನ ತಮ್ಮಂದಿರಿಗೆ ಶರಣು. ಅಜ್ಜಿಯ ಹಂಚು, ಪರಾತಗಳನ್ನು ಕೇಳಿದ ಕೂಡಲೇ ತೆಗೆದುಕೊಟ್ಟ ಅವರ ಸೊಸೆಯಂದಿರಿಗೂ. ಖಾಲಿ ಬುಟ್ಟಿಗಳು ವಾಪಸ್ ಬಂದಿವೆ. ನಿಮ್ಮ ನಿಮ್ಮದನ್ನು ಗುರುತಿಸಿ ಒಯ್ಯಿರಿ. ಬರುವ ವರ್ಷಕ್ಕೆ ಜೋಳ ಕೊಡುವವರು ಸುಗ್ಗಿಯಲ್ಲೇ ತೆಗೆದಿಟ್ಟು ಹೇಳಿದರೆ ಬಿಸಿಲಿಗೆ ಒಣಗಿಸಿ, ಬೇವಿನ ಸೊಪ್ಪು ಹಾಕಿ ಕಟ್ಟಿಡುತ್ತೇವೆ.