ಕಟಗಾಲದ ಹತ್ತಿರ ಬೈಕ್ ನಿಲ್ಲಿಸಿದ ಅಣ್ಣನಿಗೆ

ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದೆವು. ದೇವಿಮನೆ ಘಟ್ಟ ಇಳಿದು ಕಟಗಾಲದ ಹತ್ತಿರ ಬರುವಷ್ಟರಲ್ಲಿ ನಮ್ಮ ಹಳೇ ಆಟೋಮ್ಯಾಟಿಕ್ ಕಾರು ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. 1,80,000 ಕಿಲೋಮೀಟರ್ ಓಡಿದೆ, ಗೇರ್‌ಬಾಕ್ಸ್ ಹೋಯ್ತು ಅಂದುಕೊಂಡೆ. ಹಿಂದಿನ ಸೀಟಿನಲ್ಲಿ ಅಮ್ಮ, ತೊಡೆಮೇಲೆ ಅಪ್ಪೆಮಿಡಿ ಭರಣಿ.

ಆಗ ನೀವು ಬಂದಿರಿ. "ಇಂಜಿನ್ ಚಾಲೂ ಇರ್ಲಿ ಮಾರಾಯ್ರೆ, ಪಾರ್ಕಿಗೆ ಹಾಕಿ" ಅಂದು ಗೇರ್‌ಬಾಕ್ಸ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದಿರಿ. ತುದಿಗೆ ಒಂದು ಹನಿ ಮಾತ್ರ. ಅದನ್ನು ಬಿಳಿ ಕಾಗದಕ್ಕೆ ಒತ್ತಿ, ಮೂಸಿ, ನನ್ನ ಮೂಗಿಗೂ ಹಿಡಿದಿರಿ. "ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ. ಒಳಗಿನ ಕ್ಲಚ್ ಉಳಿದಿದೆ. ಆಯಿಲ್ ಸೋರಿದೆ ಅಷ್ಟೇ."

ಇಂಜಿನ್ ಬಂದ್ ಮಾಡಿಸಿ ಗಾಡಿಯಡಿ ನುಸುಳಿದಿರಿ. ಆ ಆಯಿಲ್ ತಣಿಸುವ ಕೂಲರ್ ಪೈಪಿನ ಕ್ಲಿಪ್ ಸಡಿಲವಾಗಿತ್ತು! ಅದನ್ನು ಬಿಗಿ ಮಾಡಿದಿರಿ. ಕಾರಿನ ಪುಸ್ತಕದಲ್ಲಿದ್ದ ಆಯಿಲ್ ಹೆಸರಿನ ಫೋಟೋ ಹೊಡೆದುಕೊಂಡು ಕುಮಟಾಕ್ಕೆ ಹೋಗಿ ಅದನ್ನೇ ತಂದಿರಿ. ನೀರಿನ ಬಾಟಲಿ ಕತ್ತರಿಸಿ ಲಾಳಿಕೆ ಮಾಡಿದಿರಿ. ಇಂಜಿನ್ ಮತ್ತೆ ಚಾಲೂ ಮಾಡಿಸಿ ಸ್ವಲ್ಪ ಹಾಕುವುದು, ಅಳೆಯುವುದು, ಮತ್ತೆ ಸ್ವಲ್ಪ. "ಜಾಸ್ತಿ ಆದ್ರೂ ಕಷ್ಟ" ಅಂದಿರಿ.

ಗೇರ್ 'ಡಿ'ಗೆ (ಡ್ರೈವ್) ಹಾಕಿದಾಗ ಗಾಡಿ ಮೆಲ್ಲಗೆ ಹೊರಟಿತು. ನನಗೂ ಉಸಿರು ಬಂತು. ಆಯಿಲ್ ದುಡ್ಡು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೆಸರು ಕೇಳಲು ನಾನು ಮರೆತೆ. ಅಮ್ಮ ಕೊಟ್ಟ ಮಿಡಿಗೆ ಮಾತ್ರ ಬೇಡ ಅನ್ನಲಿಲ್ಲ, ಅಲ್ವಾ?